ಆರ್ಟ್ ಬುಕ್ ನೋಡಿದರೆ ಕೈ ಪಳಗುತ್ತದೆಯೇ?

ಪ್ರಶ್ನೆ: ಎರಡು ವರ್ಷದಿಂದ ಯಾವ ತರಗತಿಗೂ ಹೋಗದೆ ನಾನೇ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೇನೆ. ಮನೆಯಲ್ಲಿ ಒಂಬತ್ತು ಆರ್ಟ್ ಬುಕ್‌ಗಳಿವೆ. ಎರಡು ಜಪಾನಿ ಅನಿಮೇಶನ್ ಚಿತ್ರಗಳವು, ಒಂದು ಅನಾಟಮಿ (ದೇಹರಚನೆ), ಎರಡು 'ಹಂತ ಹಂತವಾಗಿ ಕಲಿಯಿರಿ' ಎನ್ನುವಂಥವು, ಉಳಿದವು ಹಳೆಯ ಕಲಾವಿದರ ಸಂಗ್ರಹಗಳು. ಪುಸ್ತಕ ಎದುರಿಗಿಟ್ಟುಕೊಂಡು ಬರೆದರೆ ಸುಮಾರು ಹಾಗೇ ಬರುತ್ತದೆ. ಮುಚ್ಚಿದರೆ ಕೈ ಓಡುವುದಿಲ್ಲ. ಮನೆಯವರನ್ನು ಕೂರಿಸಿಕೊಂಡು ಬರೆದರೆ ಗೊಂಬೆಯ ಹಾಗೆ ಕಾಣುತ್ತಾರೆ. ಪುಸ್ತಕ ನೋಡಿ ಕಲಿಯುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಇನ್ನೂ ಒಂದೆರಡು ಕೊಳ್ಳಲೇ, ಇಲ್ಲ ಇದನ್ನೆಲ್ಲ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಪುಸ್ತಕ ತೆರೆದಿದ್ದಾಗ ಬರುತ್ತದೆ, ಮುಚ್ಚಿದಾಗ ಬರುವುದಿಲ್ಲ. ತೆರೆದಿದ್ದಾಗ ಕಣ್ಣು ಎರಡು ಮೂರು ಸೆಕೆಂಡಿಗೊಮ್ಮೆ ಪುಟಕ್ಕೆ ಹೋಗಿ ಒಂದು ತುಣುಕು ಗೆರೆ ಹೊತ್ತು ತರುತ್ತದೆ, ಕೈ ಅದನ್ನು ಹಾಳೆಗೆ ಇಳಿಸುತ್ತದೆ. ಇಳಿಸಿದ ಮೇಲೆ ಅದು ತಲೆಯಲ್ಲಿ ಉಳಿಯಬೇಕಾದ ಅಗತ್ಯವೇ ಇಲ್ಲ, ಹಾಗಾಗಿ ಉಳಿಯುವುದೂ ಇಲ್ಲ. ಒಂದು ತಾಸು ಕೂತು ಅಚ್ಚುಕಟ್ಟಾಗಿ ನಕಲು ಮಾಡಿದವರನ್ನು, ಪುಸ್ತಕ ಮುಚ್ಚಿ, 'ಅವಳ ಎಡ ಪಾದ ಎತ್ತ ತಿರುಗಿತ್ತು?' ಎಂದು ಕೇಳಿ ನೋಡಿ. ಬಹಳ ಮಂದಿಗೆ ಹೇಳಲಾಗುವುದಿಲ್ಲ. ಆರ್ಟ್ ಬುಕ್‌ನಿಂದ ಪ್ರಯೋಜನ ಖಂಡಿತ ಇದೆ, ಆದರೆ ಅದರ ಹೆಚ್ಚಿನ ಪಾಲು ಸಿಗುವುದು ಪುಸ್ತಕ ಮುಚ್ಚಿಟ್ಟ ಹೊತ್ತಿನಲ್ಲಿ. ಹತ್ತನೆಯದು ಸದ್ಯಕ್ಕೆ ಬೇಡ.

ಬರೀ ಪುಟ ತಿರುವಿ ನೋಡುವುದೂ ವ್ಯರ್ಥವಲ್ಲ. ಅದರಿಂದ ಕಣ್ಣು ಬೆಳೆಯುತ್ತದೆ. ಸಂಗೀತ ಕೇಳುತ್ತ ಕೇಳುತ್ತ ಶ್ರುತಿ ತಪ್ಪಿದ್ದು ಗೊತ್ತಾಗತೊಡಗುತ್ತದಲ್ಲ, ಹಾಗೆ. ಆದರೆ ಕೇಳಿದ ಮಾತ್ರಕ್ಕೆ ಹಾಡಲು ಬರುವುದಿಲ್ಲ. ಕಣ್ಣು ಮುಂದೆ ಹೋಗಿ ಕೈ ಹಿಂದೆ ಉಳಿದಾಗ ಮನುಷ್ಯನಿಗೆ ತನ್ನ ಚಿತ್ರಗಳೆಲ್ಲ ಕೆಟ್ಟದಾಗಿ ಕಾಣತೊಡಗುತ್ತವೆ, ಬಿಟ್ಟುಬಿಡೋಣ ಅನ್ನಿಸುತ್ತದೆ. ನಿಮಗೆ ಈಗ ಅನ್ನಿಸುತ್ತಿರುವುದು ಬಹುಶಃ ಅದೇ. ಚಿತ್ರ ಕೆಟ್ಟಿಲ್ಲ, ಕೆಟ್ಟದ್ದು ಕಾಣುವಷ್ಟು ಕಣ್ಣು ತಯಾರಾಗಿದೆ.

ನಕಲು ಮಾಡಿ ಕಲಿಯುವುದು ಕಳ್ಳದಾರಿ ಎಂಬ ಅಳುಕಿದ್ದರೆ ಅದನ್ನು ಬಿಡಿ. ಪ್ಯಾರಿಸ್ಸಿನ ಗೂಪಿಲ್ ಪ್ರಕಾಶನ ಸಂಸ್ಥೆ 1866ರಿಂದ 1871ರ ನಡುವೆ ಫ್ರೆಂಚ್ ಚಿತ್ರಗಾರ ಶಾರ್ಲ್ ಬಾರ್ಗ್ ಸಿದ್ಧಪಡಿಸಿದ ಚಿತ್ರಪಾಠವನ್ನು 197 ಕಲ್ಲಚ್ಚಿನ ಹಾಳೆಗಳಾಗಿ ಹೊರತಂದಿತು. ಅವು ಇದ್ದದ್ದೇ ನಕಲು ಮಾಡಲಿಕ್ಕೆ. 27ನೆಯ ವಯಸ್ಸಿಗೆ, 1880ರಲ್ಲಿ, ಕಲಾವಿದನಾಗಲು ಹೊರಟ ವಿನ್ಸೆಂಟ್ ವಾನ್ ಗೋ ಅದನ್ನು ಎದುರಿಗಿಟ್ಟುಕೊಂಡು ಮತ್ತೆ ಮತ್ತೆ ಬರೆದ. ಹತ್ತು ವರ್ಷದ ನಂತರ, ಸಾಯುವುದಕ್ಕೆ ಕೆಲವೇ ವಾರ ಮೊದಲು, ಅದೇ ಹಾಳೆಗಳನ್ನು ಕಳಿಸೆಂದು ತಮ್ಮ ಥಿಯೋಗೆ ಪತ್ರ ಬರೆದ. ಆ ಪಾಠದ ಮೊದಲ ಭಾಗದ ಅನೇಕ ಹಾಳೆಗಳಲ್ಲಿ ಒಂದು ಜಾಣತನವಿದೆ. ಒಂದು ಬದಿಯಲ್ಲಿ ಮುಗಿದ, ನೆರಳು ತುಂಬಿದ ಚಿತ್ರ. ಪಕ್ಕದಲ್ಲಿ ಅದೇ ಆಕಾರ ಬರೀ ನೇರ ಗೆರೆಗಳಲ್ಲಿ. ಬಾಗು ಬರುವ ಮೊದಲು ಏನಿತ್ತು ಎಂಬುದನ್ನು ಪುಸ್ತಕವೇ ತೋರಿಸುತ್ತಿತ್ತು. ಇಂದಿನ ಬಹುಪಾಲು ಆರ್ಟ್ ಬುಕ್‌ಗಳಲ್ಲಿ ಇಲ್ಲದ್ದು ಈ ಪಕ್ಕದ ಚಿತ್ರ. ಅದನ್ನು ನೀವೇ ತಯಾರಿಸಿಕೊಳ್ಳಬೇಕು. ಇನ್ನೊಂದು ಮಾತು: ವಾನ್ ಗೋ ಆ ಹಾಳೆಗಳ ಜೊತೆಗೇ ಬೆಲ್ಜಿಯಂನ ಬೋರಿನಾಜ್ ಪ್ರದೇಶದ ಕಲ್ಲಿದ್ದಲ ಗಣಿಯವರನ್ನೂ ಬರೆಯುತ್ತಿದ್ದ. ಹಾಳೆ ಮುಗಿಸಿ ಆಮೇಲೆ ಜನರ ಕಡೆ ತಿರುಗಿದ್ದಲ್ಲ, ಎರಡೂ ಒಟ್ಟಿಗೆ ನಡೆದವು.

ನಮ್ಮಲ್ಲೂ ಚಿತ್ರಗಾರನ ಕೈಪುಸ್ತಕ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ದೇವತೆಗಳ ಧ್ಯಾನಶ್ಲೋಕವೂ ಚಿತ್ರವೂ ಒಟ್ಟಿಗೆ ಇವೆ. ಯಾವ ಕೈಯಲ್ಲಿ ಯಾವ ಆಯುಧ, ಯಾವ ಬಣ್ಣ, ಯಾವ ವಾಹನ ಎಂಬುದು ಅಲ್ಲಿ ನಿಶ್ಚಿತ. ಅಂಥ ಪುಸ್ತಕ ಏನನ್ನು ಬರೆಯಬೇಕೆಂದು ಹೇಳುತ್ತದೆ. ಗೆರೆ ಎಳೆಯುವ ಕೈಯನ್ನು ಗುರುವಿನ ಮಗ್ಗುಲಲ್ಲಿ ಕೂತೇ ಪಳಗಿಸಬೇಕಿತ್ತು. ನಿಮ್ಮ ಮಗ್ಗುಲಲ್ಲಿ ಗುರು ಇಲ್ಲವಾದ್ದರಿಂದ, ತಿದ್ದುವ ಕೆಲಸವನ್ನೂ ಪುಸ್ತಕದಿಂದಲೇ ಮಾಡಿಸಿಕೊಳ್ಳುವ ದಾರಿ ಬೇಕು.

ಒಂದು ಪುಟ, ಎರಡು ದಿನ

ಆ ದಾರಿ ಹೀಗೆ. ಹಳೆಯ ಕಲಾವಿದರ ಸಂಗ್ರಹದಿಂದ ಒಂದೇ ಒಂದು ರೇಖಾಚಿತ್ರ ಆರಿಸಿ. ಪೇಂಟಿಂಗ್ ಬೇಡ, ಪೆನ್ಸಿಲ್, ಇದ್ದಿಲು ಅಥವಾ ಶಾಯಿಯ ಕೆಲಸ ಇರಲಿ. ಪುಟದಲ್ಲಿ ಅದರ ಎತ್ತರ 12ರಿಂದ 18 ಸೆಂ.ಮೀ. ಇದ್ದರೆ ಸಾಕು. ಮೇಜಿನ ಅಂಚಿಗೆ ಒರಗಿದ ಒಂದು ಕೈ ಎಂದಿಟ್ಟುಕೊಳ್ಳೋಣ.

ಮೊದಲ ಐದು ನಿಮಿಷ ಪೆನ್ಸಿಲ್ ಮುಟ್ಟಬೇಡಿ. ಬೆಳಕು ಯಾವ ಕಡೆಯಿಂದ? ಭಾರ ಎಲ್ಲಿ ಬಿದ್ದಿದೆ, ಅಂಗೈ ಬುಡದ ಮೇಲೋ ಬೆರಳ ತುದಿಯ ಮೇಲೋ? ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಮಾಯವೇ ಆಗಿದೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಕೈಯ ಚಿತ್ರವನ್ನು ಗಮನಿಸಿದರೆ, ಒಳ್ಳೆಯ ಕಲಾವಿದ ನಾಲ್ಕು ಬೆರಳನ್ನು ನಾಲ್ಕಾಗಿ ಬರೆದಿರುವುದು ಅಪರೂಪ. ನಡುಬೆರಳು, ಉಂಗುರದ ಬೆರಳು ಅಂಟಿಕೊಂಡು ಒಂದೇ ಆಕಾರವಾಗಿರುತ್ತವೆ, ಅವುಗಳ ನಡುವಿನ ಗೆರೆ ಅರ್ಧಕ್ಕೇ ನಿಂತಿರುತ್ತದೆ, ಕಿರುಬೆರಳು ಮಾತ್ರ ಸ್ವಲ್ಪ ದೂರ ಸರಿದಿರುತ್ತದೆ. ನೆರಳು ಕೂಡ ಬೆರಳಿಗೊಂದರಂತೆ ಇರುವುದಿಲ್ಲ. ಮೂರು ಬೆರಳನ್ನು ದಾಟಿ ಒಂದೇ ಪಟ್ಟಿಯಾಗಿ ಹರಿದಿರುತ್ತದೆ. ಕಲಿಯುವವರು ನಕಲು ಮಾಡುವಾಗ ಇದನ್ನೆಲ್ಲ 'ಸರಿಪಡಿಸಿ' ನಾಲ್ಕು ಪ್ರತ್ಯೇಕ ಬೆರಳು, ನಾಲ್ಕು ಪ್ರತ್ಯೇಕ ನೆರಳು ಬರೆಯುತ್ತಾರೆ. ಕೈ ಬೆಂಡೆಕಾಯಿ ಕಟ್ಟಿನ ಹಾಗೆ ಕಾಣುವುದು ಇದರಿಂದ.

ಆಮೇಲೆ ಎರಡು ಪುಟಾಣಿ ಚಿತ್ರ, ಬೆಂಕಿಪೊಟ್ಟಣದಷ್ಟು ದೊಡ್ಡವು. 2ಬಿ ಪೆನ್ಸಿಲ್, ಮೂರೇ ಮಟ್ಟ: ಹಾಳೆಯ ಬಿಳಿ, ನಡುವಿನ ಬೂದು, ಕಪ್ಪು. ಕಣ್ಣು ಅರೆಮುಚ್ಚಿ ನೋಡಿದರೆ ಮೂರು ಮಟ್ಟ ತಾವಾಗಿಯೇ ಬೇರೆಯಾಗುತ್ತವೆ. ಇಲ್ಲಿ ಉಗುರು, ಗೆಣ್ಣು ಏನೂ ಬೇಡ. ಈ ಎರಡಕ್ಕೂ ಸೇರಿ ಹತ್ತು ನಿಮಿಷ.

ಈಗ ಅಳತೆಯ ನಕಲು, ನಲವತ್ತು ನಿಮಿಷದಿಂದ ಒಂದು ತಾಸು, ಪುಟದಲ್ಲಿರುವಷ್ಟೇ ಗಾತ್ರಕ್ಕೆ. ಗಾತ್ರ ಬದಲಿಸಿದರೆ ಅಳೆದು ನೋಡಿ ತಪ್ಪು ಹಿಡಿಯುವುದು ಕಷ್ಟ, ಆದ್ದರಿಂದ ಮೊದಲ ಮೂರು ತಿಂಗಳು ಗಾತ್ರ ಬದಲಿಸಬೇಡಿ. ಮೇಲಿನ ತುದಿ, ಕೆಳಗಿನ ತುದಿ, ಎಡ ಬಲದ ಅಂಚು, ಈ ನಾಲ್ಕು ಗುರುತು ಮೊದಲು. ನಂತರ ನಡುಮಧ್ಯ: ಎತ್ತರದ ಸರಿ ಅರ್ಧಕ್ಕೆ ಚಿತ್ರದಲ್ಲಿ ಏನು ಬರುತ್ತದೆ? ಕೈಯ ಹಿಂಭಾಗ ಕಾಣುವ ಚಿತ್ರವಾದರೆ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಉದ್ದದ ಹೆಚ್ಚುಕಡಿಮೆ ಅರ್ಧಕ್ಕೆ ದೊಡ್ಡ ಗೆಣ್ಣು ಬರುತ್ತದೆ. ಅಂಗೈ ಕಡೆಯಿಂದ ನೋಡಿದರೆ ಬೆರಳು ಗಿಡ್ಡವಾಗಿ ಕಾಣುತ್ತವೆ, ಯಾಕೆಂದರೆ ಅಲ್ಲಿ ಬೆರಳಸಂದಿಯ ಚರ್ಮ ಗೆಣ್ಣಿಗಿಂತ ಮೇಲೆ ಬಂದಿರುತ್ತದೆ. ಇದು ಗೊತ್ತಿಲ್ಲದೆ ಎರಡೂ ಕಡೆಗೆ ಒಂದೇ ಉದ್ದದ ಬೆರಳು ಹಾಕಿದವರ ಅಂಗೈ ಎಂದೂ ಸರಿ ಬರುವುದಿಲ್ಲ.

ಹೊರಗೆರೆಯನ್ನು ಹನ್ನೆರಡು ಹದಿನೈದು ನೇರ ತುಂಡುಗಳಲ್ಲಿ ಹಾಕಿ. ಬಾಗು ಬೇಡ. ಪ್ರತಿ ತುಂಡಿನ ಓರೆಯನ್ನು ಪೆನ್ಸಿಲ್ ಉದ್ದಕ್ಕೆ ಹಿಡಿದು ಪುಟದ ಮೇಲೆ ಹೊಂದಿಸಿ, ಹಾಗೇ ಸರಿಸಿಕೊಂಡು ಬಂದು ಹಾಳೆಯ ಮೇಲೆ ನೋಡಿ. ಯಾವುದು ಯಾವುದರ ನೇರಕ್ಕೆ ಕೆಳಗೆ ಬರುತ್ತದೆ ಎಂದು ತಿಳಿಯಲು ದಾರಕ್ಕೆ ಬೀಗದ ಕೈ ಕಟ್ಟಿ ತೂಗುಬಿಟ್ಟರೆ ಸಾಕು. ಹೆಬ್ಬೆರಳಿನ ತುದಿಯಿಂದ ಶುರುಮಾಡಿ ಗೆರೆ ಹಿಡಿದು ಸುತ್ತಿಕೊಂಡು ಬರುವ ಅಭ್ಯಾಸವಿದ್ದರೆ ಇಲ್ಲೇ ನಿಲ್ಲಿಸಿ. ಒಂದೊಂದು ತುಂಡಿಗೆ ಎರಡು ಮಿ.ಮೀ. ತಪ್ಪಿದರೂ ಹತ್ತನೆಯ ತುಂಡಿಗೆ ಬರುವ ಹೊತ್ತಿಗೆ ಕಿರುಬೆರಳಿಗೆ ಜಾಗವೇ ಉಳಿದಿರುವುದಿಲ್ಲ. ನೇರ ತುಂಡುಗಳು ಸರಿ ಕೂತ ಮೇಲೆ ಬಾಗು, ಆಮೇಲೆ ನೆರಳಿನ ಗಡಿ, ಎಲ್ಲಕ್ಕೂ ಕೊನೆಗೆ ಉಗುರು.

ಮುಂದಿನ ಹಂತವನ್ನು ಸಾಮಾನ್ಯವಾಗಿ ಎಲ್ಲರೂ ಬಿಟ್ಟುಬಿಡುತ್ತಾರೆ. ಟ್ರೇಸಿಂಗ್ ಪೇಪರನ್ನು ಪುಸ್ತಕದ ಚಿತ್ರದ ಮೇಲಿಟ್ಟು, ಪುಟಕ್ಕೆ ಅಚ್ಚು ಬೀಳದ ಹಾಗೆ ಹಗುರವಾಗಿ ಮುಖ್ಯ ಗೆರೆಗಳನ್ನು ತೆಗೆದುಕೊಳ್ಳಿ. ಅದನ್ನು ನಿಮ್ಮ ನಕಲಿನ ಮೇಲೆ ಇಡಿ. ಎಲ್ಲೆಲ್ಲಿ ತಪ್ಪಿದೆಯೋ ಅಲ್ಲಿ ಕೆಂಪು ಪೆನ್ಸಿಲಿನಲ್ಲಿ ಸರಿಯಾದ ಗೆರೆ ಹಾಕಿ, ಪಕ್ಕದಲ್ಲಿ ನಾಲ್ಕು ಮಾತು ಬರೆಯಿರಿ: 'ಮಣಿಕಟ್ಟು ದಪ್ಪ', 'ಓರೆ ಸಾಲದು', 'ಬೆರಳೆಲ್ಲ ಒಂದೇ ಅಳತೆ'. ಓರೆಯಾದದ್ದನ್ನು ನೆಟ್ಟಗೆ ಮಾಡುವುದು, ತಲೆ ದೊಡ್ಡದು ಮಾಡುವುದು, ಪಾದ ಚಿಕ್ಕದು ಮಾಡುವುದು ಬಹುತೇಕ ಎಲ್ಲರಲ್ಲೂ ಕಾಣುವ ತಪ್ಪುಗಳು. ಆದರೆ ನಿಮ್ಮ ತಪ್ಪು ಯಾವುದೆಂದು ತಿಳಿಯುವುದು ಹತ್ತು ಹಾಳೆಯ ಕೆಂಪು ಗುರುತನ್ನು ಸಾಲಾಗಿ ನೋಡಿದಾಗ.

ಮಾರನೆಯ ದಿನ ಪುಸ್ತಕವನ್ನು ಬೀರುವಿನಲ್ಲೇ ಬಿಟ್ಟು, ಅದೇ ಕೈಯನ್ನು ನೆನಪಿನಿಂದ ಹತ್ತು ನಿಮಿಷದಲ್ಲಿ ಬರೆಯಿರಿ. ಎಲ್ಲ ನೆನಪಾಗುವುದಿಲ್ಲ, ಆಗಲೂ ಬೇಕಾಗಿಲ್ಲ. ಒಟ್ಟು ಚಲನೆಯ ಒಂದು ಗೆರೆ, ಅತಿ ದೊಡ್ಡ ಕಪ್ಪು ಆಕಾರ, ಒಂದೆರಡು ಓರೆ, ಇಷ್ಟರಿಂದ ಹೊರಡಿ. ಸಿಕ್ಕಿಬಿದ್ದರೆ ಪುಸ್ತಕ ತೆರೆಯುವ ಬದಲು ಊಹಿಸಿ ಬರೆಯಿರಿ. ಹತ್ತು ನಿಮಿಷ ಮುಗಿದ ಮೇಲೆ ತೆರೆದು ನೋಡಿ, ಮತ್ತೆ ಕೆಂಪು ಪೆನ್ಸಿಲ್. ಊಹಿಸಿ ತಪ್ಪಿದ ಜಾಗವನ್ನು ಪುಟದಲ್ಲಿ ಕಂಡಾಗ ಅದು ಕಣ್ಣಿಗೆ ನಾಟುವಂತೆ ಬೇರೆ ಯಾವಾಗಲೂ ನಾಟುವುದಿಲ್ಲ. ಮೊದಲ ಹತ್ತು ನೆನಪಿನ ಚಿತ್ರಗಳು ನಾಚಿಕೆಯಾಗುವಷ್ಟು ಕೆಟ್ಟದಾಗಿ ಬರುತ್ತವೆ. ಅವನ್ನು ಹರಿದು ಹಾಕದೆ ತಾರೀಖು ಹಾಕಿ ಇಟ್ಟುಕೊಳ್ಳಿ.

ಕೊನೆಯದಾಗಿ, ಅದೇ ದಿನ, ನಿಮ್ಮದೇ ಎಡಗೈಯನ್ನು ಅದೇ ಭಂಗಿಯಲ್ಲಿ ಮೇಜಿನ ಅಂಚಿಗಿಟ್ಟು ಬಲಗೈಯಲ್ಲಿ ಬರೆಯಿರಿ. ಎರಡು ಬೆರಳನ್ನು ಒಂದಾಗಿಸುವುದು, ನೆರಳನ್ನು ಪಟ್ಟಿಯಾಗಿ ಹರಿಸುವುದು, ಗೆರೆಯನ್ನು ಅರ್ಧಕ್ಕೆ ನಿಲ್ಲಿಸುವುದು ಇಲ್ಲಿ ನಿಮ್ಮ ಕೈಗೆ ಬಂದರೆ ಆ ಪುಟ ನಿಮ್ಮದಾಯಿತು. ಬರದಿದ್ದರೆ ಮುಂದಿನ ಪುಟಕ್ಕೆ ಹೋಗಬೇಡಿ, ಅದೇ ಪುಟಕ್ಕೆ ಇನ್ನೂ ಎರಡು ದಿನ ಕೊಡಿ.

ಮನೆಯವರು ಗೊಂಬೆಯಾಗುವುದೇಕೆ

ಪುಸ್ತಕದ ಚಿತ್ರ ಆಗಲೇ ಚಪ್ಪಟೆ. ಅದರಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ನಿರ್ಧಾರವೆಲ್ಲ ಬೇರೊಬ್ಬರು ಮಾಡಿ ಮುಗಿಸಿದ್ದಾರೆ. ಎದುರಿಗೆ ಕೂತ ಅಕ್ಕನ ಮುಖದಲ್ಲಿ ಅಂಥ ಯಾವ ನಿರ್ಧಾರವೂ ಆಗಿಲ್ಲ. ಸಾವಿರ ಅಂಚು, ನೂರು ನೆರಳು. ಆಗ ಗಾಬರಿಗೆ ಬಿದ್ದ ಕೈ ತನಗೆ ಗೊತ್ತಿರುವ ಕಣ್ಣು, ಗೊತ್ತಿರುವ ಮೂಗು ತಂದು ಅಂಟಿಸುತ್ತದೆ. ಅದು ಅಕ್ಕನ ಕಣ್ಣಲ್ಲ, ಪುಸ್ತಕದ 34ನೇ ಪುಟದ ಕಣ್ಣು.

ಇದಕ್ಕೆ ಮದ್ದು, ಕ್ರಮವನ್ನು ತಿರುವುಮುರುವು ಮಾಡುವುದು. ಸಂಗ್ರಹದಲ್ಲಿ ಕೂತ ಹೆಂಗಸಿನ ಚಿತ್ರವೊಂದಿದೆ ಎನ್ನಿ. ಅದನ್ನು ಒಂದು ನಿಮಿಷ ನೋಡಿ ಮುಚ್ಚಿ. ಮನೆಯಲ್ಲಿ ಯಾರಾದರೂ ಹಾಗೆ ಕೂರುವ ಹೊತ್ತಿಗೆ ಕಾಯಿರಿ; ಈಳಿಗೆಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುವ ಅಮ್ಮನಾದರೆ ಹತ್ತು ನಿಮಿಷ ಗ್ಯಾರಂಟಿ, ಬೆನ್ನು ತೋಳು ಒಂದೇ ಭಂಗಿಗೆ ಮತ್ತೆ ಮತ್ತೆ ಮರಳುತ್ತವೆ. ಕೋಣೆಯ ಉಳಿದ ದೀಪ ಆರಿಸಿ, ಒಂದೇ ಬಲ್ಬ್ ಪಕ್ಕದಿಂದ ಬೀಳಲಿ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ನೆರಳಿಗೆ ಗಡಿಯೇ ಇರುವುದಿಲ್ಲ, ಅಲ್ಲಿ ಹೊಸಬರು ಮುಖ ಬರೆಯುವುದು ಸುಮ್ಮನೆ ಕಷ್ಟಪಟ್ಟಂತೆ. ಮೊದಲು ನೀವು ಬರೆಯಿರಿ, ಕೆಟ್ಟರೂ ಸರಿ. ಆಮೇಲೆ ಪುಸ್ತಕ ತೆರೆದು, ಸೊಂಟದ ಬಳಿ ಸೀರೆಯ ಮಡಿಕೆಯಲ್ಲಿ ನೀವು ಸಿಕ್ಕಿಹಾಕಿಕೊಂಡ ಜಾಗದಲ್ಲಿ ಆ ಕಲಾವಿದ ಏನು ಮಾಡಿದ್ದಾನೆ ನೋಡಿ. ಬಹಳ ಸಲ ಅಲ್ಲಿ ಎರಡೇ ಗೆರೆ ಇರುತ್ತದೆ. ಲೆಕ್ಕವನ್ನು ತಾನು ಮಾಡಿ ಆಮೇಲೆ ಪುಸ್ತಕದ ಕೊನೆಯ ಪುಟದ ಉತ್ತರ ನೋಡುವವನಿಗೂ, ಮೊದಲೇ ಉತ್ತರ ನೋಡಿ ಬರೆದುಕೊಳ್ಳುವವನಿಗೂ ಇರುವ ವ್ಯತ್ಯಾಸ ಇಲ್ಲೂ ಇದೆ.

ಕೆಲವನ್ನು ಪುಸ್ತಕ ಎಷ್ಟು ನೋಡಿದರೂ ಕೊಡಲಾರದು. ಚಲನೆ ಅದರಲ್ಲಿ ಮೊದಲನೆಯದು. ಉಡುಪಿ ಬಳಿಯ ಕಟ್ಟಿಂಗೇರಿಯವರಾದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಲು ಕಥಕ್ ಕಲಿತರು. ಅವರ ರೇಖೆಗಳಲ್ಲಿ ಕುಣಿಯುವ ಮೈ ಎರಡು ಮೂರು ಎಳೆತದಲ್ಲಿ ನಿಲ್ಲುತ್ತದೆ. ಆ ಎಳೆತವನ್ನು ಪುಟದಿಂದ ನಿಧಾನವಾಗಿ ನಕಲು ಮಾಡಿದರೆ ಸಿಗುವುದು ಸತ್ತ ಗೆರೆ. ವೇಗದ ಗೆರೆಯನ್ನು ಅದೇ ವೇಗದಲ್ಲಿ, ಭುಜದಿಂದ ಕೈ ಬೀಸಿ ಎಳೆಯಬೇಕು. ತಪ್ಪಿದರೆ ಅಳಿಸದೆ ಪಕ್ಕದಲ್ಲಿ ಮತ್ತೊಂದು. ಒಂದು ಎ3 ಹಾಳೆಗೆ ಇಪ್ಪತ್ತು ಸಲ ಎಳೆದರೆ ಎರಡೋ ಮೂರೋ ನಿಲ್ಲುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ಸೆಕೆಂಡಿಗೊಂದರಂತೆ ಜನರನ್ನು ಬರೆಯುವ ಅಭ್ಯಾಸ ಇದರ ಜೊತೆಗೆ ಇರಲೇಬೇಕು.

ನಿಮ್ಮ ಒಂಬತ್ತು ಪುಸ್ತಕಗಳ ಬಗ್ಗೆ

ಅನಿಮೇಶನ್ ಪುಸ್ತಕಗಳಿಂದ ಶುರುಮಾಡೋಣ, ಹೆಚ್ಚು ದಾರಿ ತಪ್ಪಿಸುವುದೂ ಅವೇ. ಅಲ್ಲಿನ ಪಾತ್ರದ ಮುಖದಲ್ಲಿ ಮೂಗಿಗೆ ಒಂದು ಚಿಕ್ಕ ಗೆರೆ, ಬಾಯಿಗೆ ಒಂದು ಗೆರೆ ಇರುವುದು ಅದು ಚಂದ ಎಂಬ ಒಂದೇ ಕಾರಣಕ್ಕಲ್ಲ. ಅದೇ ಮುಖವನ್ನು ಹತ್ತಾರು ಕಲಾವಿದರು ಸಾವಿರಾರು ಸಲ ಒಂದೇ ಥರ ಬರೆಯಬೇಕು. ಗೆರೆ ಕಡಿಮೆಯಾದಷ್ಟು ಕೆಲಸ ಸಾಗುತ್ತದೆ, ಮುಖ ಕೈಯಿಂದ ಕೈಗೆ ಬದಲಾಗುವುದಿಲ್ಲ. ಅಂದರೆ ಅದು ತಯಾರಿಕೆಯ ಅನುಕೂಲಕ್ಕೆ ಮಾಡಿದ ಸಂಕ್ಷೇಪ. ತಲೆಬುರುಡೆ ಬಲ್ಲವರು ಮಾಡಿದ ಸಂಕ್ಷೇಪವನ್ನು ತಲೆಬುರುಡೆ ಗೊತ್ತಿಲ್ಲದವರು ನಕಲು ಮಾಡಿದರೆ, ಎದುರುಮುಖ ಮತ್ತು ಮುಕ್ಕಾಲು ಮುಖ (ಸ್ವಲ್ಪ ಪಕ್ಕಕ್ಕೆ ತಿರುಗಿದ್ದು) ಬರುತ್ತದೆ, ತಲೆ ಸ್ವಲ್ಪ ಮೇಲೆತ್ತಿದ ಕೂಡಲೇ ಮುಖ ಕುಸಿಯುತ್ತದೆ. ಈ ಪುಸ್ತಕಗಳಲ್ಲಿ ಮುಗಿದ ಬಣ್ಣದ ಪುಟಗಳನ್ನು ದಾಟಿ ಹಿಂದಕ್ಕೆ ಹೋಗಿ. ಒಂದೇ ಪಾತ್ರವನ್ನು ಎದುರು, ಪಕ್ಕ, ಹಿಂದಿನಿಂದ ತೋರಿಸುವ ಹಾಳೆ, ಒರಟು ಸ್ಕೆಚ್‌ಗಳು, ಬೇಡವೆಂದು ಬಿಟ್ಟ ವಿನ್ಯಾಸಗಳು ಅಲ್ಲಿರುತ್ತವೆ. ಕಲಿಯಲು ಇರುವುದು ಅಲ್ಲಿ. ಹಿನ್ನೆಲೆಯ ಚಿತ್ರಗಳೂ ಒಳ್ಳೆಯ ಸರಕು: ಒಂದು ಹಿನ್ನೆಲೆಯನ್ನು ಬೆಂಕಿಪೊಟ್ಟಣದಳತೆಗೆ ಮೂರು ಮಟ್ಟದಲ್ಲಿ ಇಳಿಸಿದರೆ, ಪಾತ್ರ ನಿಲ್ಲುವ ಜಾಗವನ್ನು ಹೇಗೆ ತಿಳಿಯಾಗಿ ಬಿಟ್ಟಿದ್ದಾರೆ ಎಂಬುದು ಕಾಣುತ್ತದೆ.

ಅನಾಟಮಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಡಿ, ಸ್ನಾಯುಗಳ ಹೆಸರು ಉರು ಹೊಡೆಯಬೇಡಿ. ಚರ್ಮದ ಕೆಳಗೇ ಎಲುಬು ಸಿಗುವ ಜಾಗಗಳನ್ನು ಮೊದಲು ಗುರುತಿಸಿ: ಕಾಲರ್ ಬೋನ್, ಭುಜದ ತುದಿ, ಮೊಣಕೈ, ಸೊಂಟದ ಮೂಳೆಯ ಮುಂತುದಿ, ಮಂಡಿಚಿಪ್ಪು, ಕಾಲಿನ ಹರಡು. ದಪ್ಪಗಿರಲಿ ತೆಳ್ಳಗಿರಲಿ ಇವು ಹೆಚ್ಚು ಬದಲಾಗುವುದಿಲ್ಲ, ಅಳತೆಗೆ ಇವೇ ಗೂಟ. ಹರಡಿನ ವಿಷಯವನ್ನೇ ನೋಡಿ, ಒಳಬದಿಯ ಗಂಟು ಹೊರಬದಿಯದಕ್ಕಿಂತ ಮೇಲಿರುತ್ತದೆ. ಎರಡನ್ನೂ ಸಮಕ್ಕೆ ಹಾಕಿದ ಪಾದ ಮರದ ಕಾಲಿನಂತೆ ಕಾಣುತ್ತದೆ, ಯಾಕೆಂದು ಬರೆದವರಿಗೇ ಹೊಳೆಯುವುದಿಲ್ಲ. ಪುಟ ನೋಡಿದ ಕೂಡಲೇ ನಿಮ್ಮ ಕಾಲನ್ನು ಮುಟ್ಟಿ ನೋಡಿ. ಈ ಪುಸ್ತಕಕ್ಕೆ ಮಾದರಿ ನೀವೇ.

ಅಳತೆಯ ಪುಟಗಳಲ್ಲಿ ಒಂದು ಎಚ್ಚರ. ಪಠ್ಯಗಳು ಇಷ್ಟಪಡುವ ಎಂಟು ತಲೆಯ ಮನುಷ್ಯ ಆದರ್ಶ ರೂಪ. ಬೀದಿಯಲ್ಲಿ ಕಾಣುವ ವಯಸ್ಕರು ಸುಮಾರು ಏಳರಿಂದ ಏಳೂವರೆ ತಲೆಯಷ್ಟು ಎತ್ತರ. ನಮ್ಮ ಶಿಲ್ಪಶಾಸ್ತ್ರದ ನವತಾಲ ಇನ್ನೂ ಬೇರೆ ಲೆಕ್ಕ. ಅಲ್ಲಿ ತಾಲ ಎಂದರೆ ಇಡೀ ತಲೆಯಲ್ಲ, ಕೂದಲಂಚಿನಿಂದ ಗದ್ದದವರೆಗಿನ ಮುಖ; ಒಂದು ತಾಲಕ್ಕೆ 12 ಅಂಗುಲ, ಒಂಬತ್ತಕ್ಕೆ 108. ಎರಡನ್ನೂ ಬೆರೆಸಿ ಒಂಬತ್ತು ತಲೆಯ ಮನುಷ್ಯನನ್ನು ಬರೆದು, ಕಾಲು ಯಾಕೆ ಇಷ್ಟುದ್ದ ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ.

'ಹಂತ ಹಂತವಾಗಿ' ಪುಸ್ತಕಗಳು ಎಂಟು ಹತ್ತು ವರ್ಷದ ಮಕ್ಕಳಿಗೆ ಚೆನ್ನ. ಎರಡು ಉಂಡೆ, ನಾಲ್ಕು ಕಡ್ಡಿ, ಮೂರನೇ ಹಂತಕ್ಕೆ ಇಡೀ ಕುದುರೆ! ಉಂಡೆಗೂ ಕುದುರೆಗೂ ನಡುವೆ ಆಗಬೇಕಾದ ಕಲಿಕೆ ಅಲ್ಲಿಲ್ಲ. ತಮ್ಮನಿಗೋ ತಂಗಿಗೋ ಕೊಟ್ಟುಬಿಡಿ.

ಮುದ್ರಣ ಮಾಡುವ ಮೋಸ

ಹಳೆಯ ಸಂಗ್ರಹಗಳನ್ನು ನೋಡುವಾಗ ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದುವುದನ್ನು ರೂಢಿ ಮಾಡಿಕೊಳ್ಳಿ. ಅಲ್ಲಿ ಮೂಲದ ಅಳತೆ ಇರುತ್ತದೆ, ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. 120 ಸೆಂ.ಮೀ. ಎತ್ತರದ ಚಿತ್ರ ಪುಟದಲ್ಲಿ 20 ಸೆಂ.ಮೀ. ಆಗಿದ್ದರೆ ಎಲ್ಲವೂ ಆರನೇ ಒಂದು ಪಾಲಿಗೆ ಕುಗ್ಗಿದೆ. ಮೂಲದಲ್ಲಿ 3 ಮಿ.ಮೀ. ಇದ್ದ ಕುಂಚದ ಗೆರೆ ನಿಮಗೆ ಅರ್ಧ ಮಿ.ಮೀ. ಆಗಿ ಕಾಣುತ್ತಿದೆ. ಅದನ್ನು ನೋಡಿ ಸೂಜಿಮೊನೆಯ ಪೆನ್ನಿನಲ್ಲಿ ಬೆರಳಷ್ಟೇ ಆಡಿಸಿ ಬರೆದರೆ, ಕಲಾವಿದ ತೋಳು ಬೀಸಿ ಮಾಡಿದ್ದನ್ನು ನೀವು ಕಸೂತಿ ಹಾಕಿದಂತಾಗುತ್ತದೆ. ಹಾಗಾಗಿ ಅಳತೆಯ ನಕಲಿಗೆ ಮೂಲವೇ ಚಿಕ್ಕದಿರುವ, ಪುಟದಲ್ಲಿ ಹೆಚ್ಚು ಕುಗ್ಗದ ರೇಖಾಚಿತ್ರ ಆರಿಸಿ.

ಎರಡು ಪುಟದ ಮೇಲೆ ಹರಡಿದ ಚಿತ್ರವನ್ನು ನಕಲಿಗೆ ತೆಗೆದುಕೊಳ್ಳಬೇಡಿ, ನಡುವಿನ ಮಡಿಕೆ ಒಂದಿಷ್ಟನ್ನು ನುಂಗಿರುತ್ತದೆ. ಅಚ್ಚಿನಲ್ಲಿ ಪೆನ್ಸಿಲಿನ ಒರಟುತನವೂ, ತೀರಾ ತಿಳಿಯಾದ ನೆರಳೂ ಹಲವು ಸಲ ಹಾರಿಹೋಗಿರುತ್ತವೆ. ಪುಸ್ತಕ ಇಡುವ ರೀತಿಯೂ ಮುಖ್ಯ. ಪುಸ್ತಕ ನೆಟ್ಟಗೆ, ಹಾಳೆ ಮೇಜಿನ ಮೇಲೆ ಮಲಗಿದ್ದರೆ, ಹಾಳೆಯ ಮೇಲ್ಭಾಗ ನಿಮಗೆ ದೂರವಾಗಿ ಗಿಡ್ಡ ಕಾಣುತ್ತದೆ. ಅದನ್ನು ಸರಿದೂಗಿಸಲು ಕೈ ತಿಳಿಯದೇ ಚಿತ್ರವನ್ನು ಮೇಲಕ್ಕೆ ಹಿಗ್ಗಿಸುತ್ತದೆ. ಎದ್ದು ನಿಂತು ನೋಡಿದಾಗ ಮುಖ ಸೋರೆಕಾಯಿ. ಬೋರ್ಡನ್ನು ಮೇಜಿಗೆ ಒರಗಿಸಿ ಪುಸ್ತಕ, ಹಾಳೆ ಎರಡನ್ನೂ ಒಂದೇ ಓರೆಯಲ್ಲಿ, ಅಕ್ಕಪಕ್ಕ ಇಡಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಐದಾರು ಅಡಿ ಹಿಂದೆ ಹೋಗಿ ನೋಡಿ.

ಚಿತ್ರದ ಮೇಲೂ ಹಾಳೆಯ ಮೇಲೂ ಚೌಕ ಹಾಕಿ ನಕಲು ಮಾಡುತ್ತಿದ್ದರೆ ಚೌಕಗಳನ್ನು ಕಡಿಮೆ ಮಾಡುತ್ತ ಬನ್ನಿ: ಒಂದು ತಿಂಗಳು ಹದಿನಾರು, ಮುಂದಿನ ತಿಂಗಳು ನಾಲ್ಕು, ಆಮೇಲೆ ನಡುವಿನ ಒಂದೇ ಗೆರೆ, ಕೊನೆಗೆ ಅದೂ ಬೇಡ. ಚೌಕ ಬಿಡದವರ ಚಿತ್ರ ಅಚ್ಚುಕಟ್ಟಾಗಿರುತ್ತದೆ, ಅಂದಾಜಿಸುವ ಕಣ್ಣು ಮಾತ್ರ ಬೆಳೆಯುವುದಿಲ್ಲ. ಟ್ರೇಸಿಂಗ್ ಕೂಡ ಪಾಪವಲ್ಲ, ಆದರೆ ಹೊರಗೆರೆಯನ್ನು ಟ್ರೇಸ್ ಮಾಡಿ ಸಿಗುವುದು ಏನೂ ಇಲ್ಲ. ಭುಜದ ಓರೆ, ಸೊಂಟದ ಓರೆ, ಬೆನ್ನಿನ ಬಾಗು, ಭಾರ ಹೊತ್ತ ಕಾಲಿನ ಗೆರೆ, ಈ ನಾಲ್ಕನ್ನೇ ಹತ್ತು ಚಿತ್ರಗಳ ಮೇಲೆ ಟ್ರೇಸ್ ಮಾಡಿ ನೋಡಿ. ಭುಜ ಒಂದು ಕಡೆ ಇಳಿದಾಗ ಸೊಂಟ ಇನ್ನೊಂದು ಕಡೆ ಇಳಿಯುವುದು ಕಣ್ಣಿಗೆ ಕಟ್ಟುತ್ತದೆ.

ಪುಸ್ತಕದ ಮೇಲೆ ನಂಬಿಕೆ ಇಡುವ ಮೊದಲು ಮೂಲ ಚಿತ್ರಗಳನ್ನೂ ಒಮ್ಮೆ ನೋಡಿ ಬನ್ನಿ. ಬೆಂಗಳೂರಿನಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಚಿತ್ರಕಲಾ ಪರಿಷತ್ತಿನ ಸಂಗ್ರಹ, ಮೈಸೂರಿನ ಜಗನ್ಮೋಹನ ಅರಮನೆ ಹತ್ತಿರದಲ್ಲೇ ಇವೆ. ಊರಿನಿಂದ ಬರಲಾಗದಿದ್ದರೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಹಕ್ಕುಸ್ವಾಮ್ಯವಿಲ್ಲದ ತನ್ನ ಲಕ್ಷಾಂತರ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಕೂಡ ಹಾಗೇ. ರೆಂಬ್ರಾಂಟನ ಒಂದು ಶಾಯಿ ಚಿತ್ರವನ್ನು ಅಲ್ಲಿ ದೊಡ್ಡದು ಮಾಡಿ ನೋಡಿದರೆ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಒಣಗಿತು ಎಂಬುದೂ ಕಾಣುತ್ತದೆ. ಮಾಮೂಲಿ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ನಕಲು ಮಾಡಿದ್ದನ್ನು ಎಲ್ಲಾದರೂ ಹಾಕುವಾಗ ಯಾರ ಚಿತ್ರ ನೋಡಿ ಬರೆದದ್ದೆಂದು ಬರೆಯಿರಿ. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡು 60 ವರ್ಷದವರೆಗೆ ಹಕ್ಕು ಉಳಿದಿರುತ್ತದೆ. ಮನೆಯಲ್ಲಿ ಕೂತು ಕಲಿಯುವುದಕ್ಕೆ ಅಡ್ಡಿಯಿಲ್ಲ, ಮಾರಲು ಹೋಗಬೇಡಿ.

ವೇಳೆಯ ಲೆಕ್ಕ: ವಾರಕ್ಕೆ ಹತ್ತು ತಾಸು ಸಿಕ್ಕರೆ ಪುಸ್ತಕಕ್ಕೆ ಎರಡೂವರೆ ಸಾಕು, ಅಂದರೆ ಒಂದು ಪುಟ, ಹೆಚ್ಚೆಂದರೆ ಎರಡು. ಐದು ತಾಸು ಎದುರಿಗಿರುವ ವಸ್ತು, ಜನ, ಬೀದಿ. ಉಳಿದದ್ದು ಮನಸ್ಸಿನಿಂದ. ಒಂದೇ ಕಲಾವಿದನ ಜೊತೆ ಕನಿಷ್ಠ ಎರಡು ತಿಂಗಳು ಇರಿ. ವಾರಕ್ಕೊಬ್ಬರನ್ನು ಹಿಡಿದರೆ ಒಬ್ಬರ ಗೆರೆ, ಇನ್ನೊಬ್ಬರ ನೆರಳು, ಮತ್ತೊಬ್ಬರ ಕಣ್ಣು ಸೇರಿ ಚಿತ್ರಾನ್ನವಾಗುತ್ತದೆ.

ಇನ್ನು ಹತ್ತನೆಯ ಪುಸ್ತಕ. ಮೂರು ತಿಂಗಳ ನಂತರ ಕೆಂಪು ಗುರುತಿರುವ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ. ಕೆಂಪು ಎಲ್ಲಿ ಗುಂಪುಗೂಡಿದೆ? ಪಾದದ ಬಳಿಯಾದರೆ ಪಾದ ಹೆಚ್ಚಿರುವ, ಒರಟು ಸ್ಕೆಚ್‌ಗಳೂ ಇರುವ ಸಂಗ್ರಹ ಹುಡುಕಿ. ಬಟ್ಟೆಯ ಮಡಿಕೆಯಲ್ಲಾದರೆ ಅದಕ್ಕೆ ತಕ್ಕದ್ದು. ಅಂಗಡಿಯಲ್ಲಿ ಮುಖಪುಟ ನೋಡದೆ ನೇರವಾಗಿ ಆ ಪುಟ ತೆರೆಯಿರಿ. ಮೂಲದ ಅಳತೆ ಕೊಟ್ಟಿದ್ದಾರೆಯೇ, ಅಳಿಸದೆ ಬಿಟ್ಟ ತಪ್ಪು ಗೆರೆಗಳು ಅಚ್ಚಿನಲ್ಲಿ ಕಾಣುತ್ತವೆಯೇ ನೋಡಿ. ಎರಡೂ ಇದ್ದರೆ ಕೊಳ್ಳಿ.